ಕುಂಗ್‌ಫೂ ಗುದ್ದು, ಗರಡಿಯ ಮಣ್ಣು

ಸಂಜೆ ಐದೂವರೆ ಹೊತ್ತಿಗೆ ಕಡೂರಿನ ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗದ ಬಸ್ಸುಗಳ ಹಾರ್ನಿನ ನಡುವೆ ಇನ್ನೊಂದು ಸದ್ದು ಕೇಳುತ್ತದೆ. ಶಾಲೆಯ ಮೈದಾನದಲ್ಲಿ ಮಕ್ಕಳು ಒಟ್ಟಿಗೆ ಕೂಗುವ ಸದ್ದು. ಬಿಳಿ ಅಂಗಿ, ಬಿಳಿ ಪ್ಯಾಂಟು, ಸೊಂಟಕ್ಕೆ ಹಳದಿ, ಹಸಿರು, ನೀಲಿ ಬೆಲ್ಟು. ಮಾಸ್ಟರು ಎಣಿಸಿದಂತೆಲ್ಲ ಮೂವತ್ತು ಮುಷ್ಟಿಗಳು ಒಂದೇ ಸಲಕ್ಕೆ ಗಾಳಿಯನ್ನು ಗುದ್ದುತ್ತವೆ. ಕಾಂಪೌಂಡಿನ ಆಚೆ ಸ್ಕೂಟರು ನಿಲ್ಲಿಸಿಕೊಂಡ ಅಪ್ಪ, ನೀರಿನ ಬಾಟಲಿ ಹಿಡಿದ ಅಮ್ಮ ಕಾಯುತ್ತಿರುತ್ತಾರೆ. ತರೀಕೆರೆಯಲ್ಲೂ ಇದೇ ನೋಟ, ಈಚೆಗೆ ತಾಲ್ಲೂಕಾದ ಅಜ್ಜಂಪುರದಲ್ಲೂ ಇದೇ.

ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಕರಾಟೆ ಎಂದಿರುತ್ತದೆ. ಎಷ್ಟೋ ಊರುಗಳಲ್ಲಿ ಅದರ ಪಕ್ಕಕ್ಕೇ ಕುಂಗ್‌ಫೂ ಎಂದೂ ಬರೆದಿರುತ್ತದೆ. ಮೊದಲನೆಯದು ಜಪಾನಿನದು, ಎರಡನೆಯದು ಚೀನಾದ್ದು ಎಂಬಷ್ಟು ಎಲ್ಲರಿಗೂ ಗೊತ್ತು. ಉಳಿದದ್ದು ಸಿನಿಮಾದಿಂದ ಬಂದ ತಿಳಿವಳಿಕೆ. ಚೀನಾದ ವಿದ್ಯೆ ಬಲು ಬಿರುಸು, ಎದುರಾಳಿ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಏಟು ಬಿದ್ದಿರುತ್ತದೆ, ಕಲಿತವನ ಮೇಲೆ ನಾಲ್ಕು ಜನ ಬಿದ್ದರೂ ಏನೂ ಮಾಡಲಾಗದು. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಕತೆ ಎಂದು ನೋಡುವುದು ಮಕ್ಕಳನ್ನು ಮೈದಾನಕ್ಕೆ ಕಳಿಸುವ ಮನೆಗಳಿಗೆ ಉಪಯೋಗದ ಕೆಲಸ.

ಪರದೆಯಿಂದ ಇಳಿದು ಬಂದವನು

ಬ್ರೂಸ್ ಲೀ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡದ್ದು 1973ರ ಜುಲೈ 20ರಂದು. ಆಗ ಅವನಿಗೆ 32 ವರ್ಷ. ‘ಎಂಟರ್ ದಿ ಡ್ರ್ಯಾಗನ್’ ತೆರೆಕಂಡದ್ದು ಆಮೇಲೆ. ಸತ್ತವನ ಸಿನಿಮಾ ಎಂಬ ಕಾರಣಕ್ಕೂ ಅದಕ್ಕೊಂದು ಬೇರೆಯೇ ಕಾವು ಬಂತು. ಅದು ನಮ್ಮ ಊರುಗಳನ್ನು ತಲುಪಿದ್ದು ತಡವಾಗಿ. ಮೊದಲು ಸಲೂನಿನ ಗೋಡೆಯ ಪೋಸ್ಟರ್ ಬಂತು, ಆಮೇಲೆ ಬಾಡಿಗೆ ವಿಸಿಆರ್‌ನಲ್ಲಿ ಸಿನಿಮಾ ಬಂತು. ಎರಡು ತುಂಡು ಕಟ್ಟಿಗೆಗೆ ಸೈಕಲ್ ಚೈನು ಬಿಗಿದು ಬೀಸಿ ಮೊಣಕೈಗೆ ಏಟು ತಿನ್ನದ ಹುಡುಗ ಆ ಕಾಲದ ಬೀದಿಗಳಲ್ಲಿ ಅಪರೂಪ. ಕನ್ನಡಕ್ಕೂ ಆಗ ಒಬ್ಬ ಕರಾಟೆ ಕಿಂಗ್ ಇದ್ದ; ಶಂಕರ್‌ನಾಗ್ ಹೆಸರಿನ ಹಿಂದೆ ಆ ಬಿರುದು ಇವತ್ತಿಗೂ ಆಟೋಗಳ ಮೇಲೆ ಓಡಾಡುತ್ತಿದೆ.

2008ರಲ್ಲಿ ‘ಇಪ್ ಮ್ಯಾನ್’ ಸಿನಿಮಾ ಬಂತು. ಬ್ರೂಸ್ ಲೀಗೆ ಕಲಿಸಿದ ಗುರುವಿನ ಕತೆ. ಅದರಲ್ಲಿ ನಾಯಕ ಒಬ್ಬನೇ ಹತ್ತು ಜನರನ್ನು ಒರಗಿಸುತ್ತಾನೆ, ಜಪಾನಿ ಸೇನಾಧಿಕಾರಿಯನ್ನು ಅಖಾಡದಲ್ಲಿ ಸೋಲಿಸುತ್ತಾನೆ. ಇಪ್ ಮ್ಯಾನ್ ನಿಜವಾಗಿ ಬಾಳಿದ ಮನುಷ್ಯ, ಆ ಸೇನಾಧಿಕಾರಿಯ ಜೊತೆಗಿನ ಕಾಳಗ ಮಾತ್ರ ಕತೆಗಾರರ ಕಲ್ಪನೆ. ಆ ದೃಶ್ಯದ ತುಣುಕುಗಳು ಈಗ ಪ್ರತಿ ಹುಡುಗನ ಮೊಬೈಲಿನಲ್ಲಿವೆ. ಎದೆಯ ಮೇಲೆ ಮಳೆ ಸುರಿದಂತೆ ಬೀಳುವ ಆ ಗುದ್ದುಗಳೇ ವಿಂಗ್ ಚುನ್ ಎಂಬ ಶೈಲಿಯ ಗುರುತು.

ಚೀನಾದಲ್ಲಿ ಇದಕ್ಕಿಂತ ಬಿರುಸಾದ ಹೆಸರು ಪಡೆದ ಶೈಲಿಗಳೂ ಇವೆ. ಉತ್ತರದ ಬಾಜಿ ಚ್ವಾನ್‌ನಲ್ಲಿ ಮೊಣಕೈ, ಭುಜ, ಸೊಂಟ ಎಲ್ಲವನ್ನೂ ಮುಂದಕ್ಕೆ ನುಗ್ಗಿಸಿ ಎದುರಾಳಿಯ ಮೈಮೇಲೇ ಬೀಳುವುದು ಪದ್ಧತಿ. ಅದರ ಗುರು ಲಿ ಶುವೆನ್ (1864–1934) ಎರಡನೇ ಏಟು ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ನಮ್ಮ ಮೈದಾನಗಳವರೆಗೆ ಬಂದ ಹೆಸರು ವಿಂಗ್ ಚುನ್.

ಕುಂಗ್‌ಫೂ ಎಂಬ ಪದಕ್ಕೆ ಚೀನೀ ಭಾಷೆಯಲ್ಲಿ ಮೂಲದಲ್ಲಿ ಹೊಡೆದಾಟ ಎಂಬ ಅರ್ಥವೇ ಇರಲಿಲ್ಲ. ಬಹುಕಾಲ ಬೆವರು ಹರಿಸಿ ಗಳಿಸಿದ ಯಾವುದೇ ಕೌಶಲಕ್ಕೆ ಆ ಮಾತು ಸಲ್ಲುತ್ತದೆ, ಅಡುಗೆಯಾದರೂ ಸರಿ. ಇನ್ನು, ಈ ವಿದ್ಯೆಯನ್ನು ಚೀನಾಕ್ಕೆ ಕಲಿಸಿದವನು ನಮ್ಮ ದಕ್ಷಿಣದ ಬೋಧಿಧರ್ಮ ಎಂಬ ಮಾತನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದೇವೆ. ಶಾವೊಲಿನ್ ಮಠದಲ್ಲಿ 728ರ ಶಿಲಾಶಾಸನ ಒಂದಿದೆ. ಮಠದ ಸನ್ಯಾಸಿಗಳು 621ರಲ್ಲಿ ಮುಂದೆ ಚಕ್ರವರ್ತಿಯಾದವನ ಪರ ಯುದ್ಧಕ್ಕೆ ನಿಂತದ್ದನ್ನು ಅದು ನೆನೆಯುತ್ತದೆ. ಬೋಧಿಧರ್ಮ ಕಾಳಗ ಕಲಿಸಿದ ಸುದ್ದಿ ಅದರಲ್ಲಿಲ್ಲ. ಆ ಕತೆಗೆ ಮೂಲವಾದ ವ್ಯಾಯಾಮ ಗ್ರಂಥ 17ನೇ ಶತಮಾನದ್ದು, ಅದರ ಮುನ್ನುಡಿಗಳು ಸುಳ್ಳು ಹೆಸರಿನವು ಎಂದು ಚೀನೀ ವಿದ್ವಾಂಸ ಟಾಂಗ್ ಹಾವೊ 1930ರ ದಶಕದಲ್ಲೇ ತೋರಿಸಿಕೊಟ್ಟ. ನಮ್ಮ ಹೆಮ್ಮೆಗೆ ನಮ್ಮ ನೆಲದಲ್ಲೇ ಬೇರೆ ಕಾರಣಗಳಿವೆ. ಅವು ಮುಂದೆ ಬರುತ್ತವೆ.

ಸರಪಳಿ ಗುದ್ದು ಕೆಲಸ ಮಾಡುವ ಬಗೆ

ಕಡೂರು ಸೀಮೆಯ ತೋಟದಲ್ಲಿ ಮರ ಕಡಿಯುವವರನ್ನೂ ಸಸಿಗೆ ಗುಂಡಿ ತೋಡುವವರನ್ನೂ ನೋಡಿ. ಕೊಡಲಿ ಹಿಡಿದವನು ತಲೆಯ ಮೇಲಿಂದ ಸುತ್ತು ಬೀಸುತ್ತಾನೆ. ಹಾರೆ ಹಿಡಿದವನು ಮೈಯ ಮುಂದೆಯೇ, ಒಂದೇ ಗೆರೆಯಲ್ಲಿ ಹಾಕುತ್ತಾನೆ, ಎತ್ತುತ್ತಾನೆ, ಮತ್ತೆ ಹಾಕುತ್ತಾನೆ. ಬೀದಿ ಜಗಳದಲ್ಲಿ ಕೋಪ ಬಂದವರ ಕೈ ಹೋಗುವುದು ಕೊಡಲಿಯ ಹಾಗೆ, ಹೊರಗಿನಿಂದ ಸುತ್ತಿಕೊಂಡು. ವಿಂಗ್ ಚುನ್‌ನ ಗುದ್ದು ಹಾರೆಯ ಹಾಗೆ ಹೋಗುತ್ತದೆ. ಮೂಗಿನಿಂದ ಹೊಕ್ಕುಳಿಗೆ ಇಳಿಯುವ ನಡುಗೆರೆಯೇ ಅದರ ದಾರಿ. ಮುಷ್ಟಿ ನೆಟ್ಟಗೆ, ಹೆಬ್ಬೆರಳು ಮೇಲೆ, ಮೊಣಕೈ ಕೆಳಗೆ. ಒಂದು ಕೈ ಹಿಂದಕ್ಕೆ ಬರುತ್ತಿರುವಾಗಲೇ ಅದರ ಮೇಲಿಂದ ಇನ್ನೊಂದು ಕೈ ಹೋಗಿರುತ್ತದೆ. ಸುತ್ತು ಬರುವ ಕೈಗಿಂತ ನೇರ ಹೋಗುವ ಕೈಗೆ ದೂರ ಕಡಿಮೆ, ಆದ್ದರಿಂದ ಮೊದಲು ತಲುಪುತ್ತದೆ. ಒಂದರ ಹಿಂದೊಂದು ಬೀಳುವುದರಿಂದ ಇದಕ್ಕೆ ಸರಪಳಿ ಗುದ್ದು ಎಂದು ಹೆಸರು.

ಎರಡನೆಯ ಸಂಗತಿ ಇನ್ನೂ ಜಾಣತನದ್ದು. ತಡೆಯುವುದು, ಆಮೇಲೆ ಹೊಡೆಯುವುದು ಎಂಬ ಎರಡು ಹೆಜ್ಜೆ ಇಲ್ಲಿಲ್ಲ. ಎಡಗೈ ಬಂದ ಏಟನ್ನು ಪಕ್ಕಕ್ಕೆ ಸರಿಸುತ್ತಿರುವ ಕ್ಷಣದಲ್ಲೇ ಬಲಗೈ ಮುಖ ತಲುಪಿರಬೇಕು. ಹಿಂದೆ ಸರಿಯುವುದನ್ನು ಈ ಶೈಲಿ ಇಷ್ಟಪಡುವುದಿಲ್ಲ. ಬಿರುಸಿನದು ಎಂಬ ಹೆಸರು ಇದಕ್ಕೆ ಬಂದದ್ದು ಇಲ್ಲಿಂದ.

ಮೂರನೆಯದು ಮುಟ್ಟಿನ ವಿದ್ಯೆ. ಕಣ್ಣಿಗೆ ಕಂಡದ್ದಕ್ಕೆ ಮೈ ಪ್ರತಿಕ್ರಿಯೆ ತೋರಲು ಸುಮಾರು ಕಾಲು ಸೆಕೆಂಡು ಬೇಕು. ಮೊಳದಷ್ಟು ದೂರದಿಂದ ಬರುವ ಗುದ್ದು ಅಷ್ಟರೊಳಗೆ ಬಂದು ಬಡಿದಾಗಿರುತ್ತದೆ. ಚರ್ಮಕ್ಕೆ ತಾಗಿದ್ದಕ್ಕೆ ಮೈ ತುಸು ಬೇಗ ಎಚ್ಚರಗೊಳ್ಳುತ್ತದೆ. ಅದಕ್ಕೇ ವಿಂಗ್ ಚುನ್‌ನವರು ಇಬ್ಬಿಬ್ಬರಾಗಿ ನಿಂತು, ಮುಂಗೈಗೆ ಮುಂಗೈ ಅಂಟಿಸಿ, ಗಂಟೆಗಟ್ಟಲೆ ಉರುಳಿಸುತ್ತಾರೆ. ಚಿ ಸಾವೊ ಎಂದು ಅದರ ಹೆಸರು, ಅಂಟುಗೈ ಎನ್ನೋಣ. ಎದುರಿನವನ ಒತ್ತಡ ಎಲ್ಲಿ ಸಡಿಲಾಯಿತು ಎಂದು ಕೈಗೆ ತಿಳಿದ ಕೂಡಲೇ ಆ ಸಂದಿಯಲ್ಲಿ ಏಟು ಹೋಗಬೇಕು. ಇದರ ಜೊತೆಗೆ ಮೂರು ಕೈ, ಒಂದು ಕಾಲು ಇರುವ ಮರದ ಬೊಂಬೆಯ ಮೇಲೂ ಅಭ್ಯಾಸ ನಡೆಯುತ್ತದೆ.

ಈ ಶೈಲಿ ಹುಟ್ಟಿದ್ದು ಒಬ್ಬ ಹೆಂಗಸಿನಿಂದ ಎಂಬುದು ಪರಂಪರೆಯ ಕತೆ. ಎಂಗ್ ಮುಯ್ ಎಂಬ ಬೌದ್ಧ ಸನ್ಯಾಸಿನಿ ಯಿಮ್ ವಿಂಗ್‌ಚುನ್ ಎಂಬ ಹುಡುಗಿಗೆ, ಬಲವಂತದ ಮದುವೆಗೆ ಬಂದ ಪುಂಡನನ್ನು ಎದುರಿಸಲು ಕಲಿಸಿದಳಂತೆ. ಇಬ್ಬರ ಬಗ್ಗೆಯೂ ಸಮಕಾಲೀನ ದಾಖಲೆ ಸಿಗುವುದಿಲ್ಲ. ಕಾಲೂರಿ ನಿಲ್ಲಬಹುದಾದ ಇತಿಹಾಸ ಶುರುವಾಗುವುದು ದಕ್ಷಿಣ ಚೀನಾದ ಫೊಶಾನ್ ಪಟ್ಟಣದ ವೈದ್ಯ ಲಿಯುಂಗ್ ಜಾನ್‌ನಿಂದ, 19ನೇ ಶತಮಾನದಲ್ಲಿ. ಅವನ ಶಿಷ್ಯನ ಶಿಷ್ಯ ಇಪ್ ಮ್ಯಾನ್ (1893–1972). ಕಮ್ಯುನಿಸ್ಟರು ಗೆದ್ದ 1949ರಲ್ಲಿ ಆಸ್ತಿ ಬಿಟ್ಟು ಹಾಂಗ್‌ಕಾಂಗ್ ಸೇರಿದ ಈತ, ಹೊಟ್ಟೆಪಾಡಿಗಾಗಿ ಹೋಟೆಲ್ ಕಾರ್ಮಿಕರ ಸಂಘದ ಕೋಣೆಯಲ್ಲಿ ಕಲಿಸತೊಡಗಿದ. ಅಲ್ಲಿಗೆ ಬಂದ ಹುಡುಗರಲ್ಲಿ ಬ್ರೂಸ್ ಲೀ ಒಬ್ಬ.

ತಾರಸಿಯ ಮೇಲೆ ಬಂದ ಹೆಸರು

ವಿಂಗ್ ಚುನ್‌ಗೆ ಹೆಸರು ತಂದದ್ದು ಸಿನಿಮಾ ಎಂದರೆ ಅದು ಅರ್ಧ ನಿಜ. ಮೊದಲ ಹೆಸರು ಬಂದದ್ದು 1950ರ ದಶಕದ ಹಾಂಗ್‌ಕಾಂಗ್‌ನ ಕಟ್ಟಡಗಳ ತಾರಸಿಗಳಲ್ಲಿ. ಜಾಗವಿಲ್ಲದ ಊರು, ಪೊಲೀಸರ ಕಣ್ಣು ತಪ್ಪಿಸಬೇಕು. ಒಂದೊಂದು ಶೈಲಿಯ ಹುಡುಗರು ಇನ್ನೊಂದು ಶೈಲಿಯವರನ್ನು ಸವಾಲಿಗೆ ಕರೆದು ತಾರಸಿ ಹತ್ತುತ್ತಿದ್ದರು. ಕೈಗವಸು ಇಲ್ಲ, ತೂಕದ ಲೆಕ್ಕ ಇಲ್ಲ. ಇಪ್ ಮ್ಯಾನ್ ಶಿಷ್ಯ ವಾಂಗ್ ಶುನ್ ಲಿಯುಂಗ್ ಇಂಥ ಕಾಳಗಗಳಿಂದಲೇ ಊರಿಗೆಲ್ಲ ಗೊತ್ತಾದವನು. ತೋಳನ್ನು ಕವಣೆಯಂತೆ ಸುತ್ತಿ ಬೀಸುವ ಚೊಯ್ ಲಿ ಫಟ್ ಶೈಲಿಯವರೊಂದಿಗೆ ವಿಂಗ್ ಚುನ್ ಹುಡುಗರಿಗೆ ಹಳೆಯ ಜಿದ್ದು. ಬ್ರೂಸ್ ಲೀ ಕೂಡ ಹದಿಹರೆಯದಲ್ಲಿ ಅಂಥದೊಂದು ತಾರಸಿ ಹತ್ತಿದ್ದ.

ಆ ಹೆಸರಿನ ಬೆನ್ನಿಗೆ ಏಟು ತಿಂದ ಅನುಭವ ಇತ್ತು. ಬೇರೆಯವರೊಂದಿಗೆ ಸೆಣಸಿ, ಸೋತು, ಗೆದ್ದು, ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಕಂಡುಕೊಂಡವರು ಅವರು.

1964ರಲ್ಲಿ ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಬ್ರೂಸ್ ಲೀಗೂ ವಾಂಗ್ ಜಾಕ್ ಮ್ಯಾನ್ ಎಂಬವನಿಗೂ ಬಾಗಿಲು ಮುಚ್ಚಿ ಕಾಳಗ ನಡೆಯಿತು. ಯಾರು ಗೆದ್ದರು ಎಂಬ ವಾದ ಇನ್ನೂ ಮುಗಿದಿಲ್ಲ. ಲೀಯ ಕಡೆಯವರ ಪ್ರಕಾರ ಗೆದ್ದದ್ದು ಅವನೇ, ಆದರೂ ಅವನಿಗೆ ಸಮಾಧಾನ ಆಗಲಿಲ್ಲ. ಚಿಟಿಕೆಯಲ್ಲಿ ಮುಗಿಯಬೇಕಾದ್ದು ಎಳೆದಾಡಿತು, ಎದುರಾಳಿ ದೂರ ಓಡಿದಾಗ ಸರಪಳಿ ಗುದ್ದು ತಲುಪಲಿಲ್ಲ, ಉಸಿರು ಕಟ್ಟಿತು. ಅಲ್ಲಿಂದ ಅವನು ಪಾಶ್ಚಾತ್ಯ ಬಾಕ್ಸಿಂಗ್, ಕತ್ತಿವರಸೆ, ಕುಸ್ತಿಯ ಪಟ್ಟುಗಳನ್ನು ಹುಡುಕುತ್ತ ಹೋದ. 1967ರ ಹೊತ್ತಿಗೆ ತನ್ನ ದಾರಿಗೆ ಜೀತ್ ಕುನೆ ಡೋ ಎಂದು ಹೆಸರಿಟ್ಟ. ವಿಂಗ್ ಚುನ್‌ನ ಅತಿ ಪ್ರಸಿದ್ಧ ವಿದ್ಯಾರ್ಥಿ ಅದನ್ನು ಇದ್ದಂತೆಯೇ ಉಳಿಸಿಕೊಳ್ಳಲಿಲ್ಲ ಎಂಬ ಸಂಗತಿ ನಮ್ಮ ಬೋರ್ಡುಗಳ ಮೇಲೆ ಬರುವುದಿಲ್ಲ. ಬರಬೇಕಿತ್ತು. ಅವನಿಂದ ಕಲಿಯಬೇಕಾದ ದೊಡ್ಡ ಪಾಠ ಅದೇ.

ಕೇಳಬಾರದ ಪ್ರಶ್ನೆ ಕೇಳಿದವನು

1954ರ ಜನವರಿಯಲ್ಲಿ ಮಕಾವುನಲ್ಲಿ ಇಬ್ಬರು ಹೆಸರಾಂತ ಗುರುಗಳು ಸಹಾಯಾರ್ಥ ಪಂದ್ಯಕ್ಕೆ ನಿಂತರು. ತೈ ಚಿಯ ವೂ ಗೊಂಗ್‌ಯಿ, ಬಿಳಿ ಕೊಕ್ಕರೆ ಶೈಲಿಯ ಚಾನ್ ಹಕ್‌ಫು. ಸಾವಿರಾರು ಜನ ಕಿಕ್ಕಿರಿದಿದ್ದರು. ಎರಡು ಸುತ್ತಿನ ಒದ್ದಾಟದಲ್ಲಿ ಮೂಗಿನಿಂದ ರಕ್ತ ಬಂತು, ಸೋಲು ಗೆಲುವು ಹೇಳದೆ ಪಂದ್ಯ ನಿಲ್ಲಿಸಿದರು. ಮುದ್ರೆ, ಭಂಗಿ, ಹಾರಾಟ ಯಾವುದೂ ಅಲ್ಲಿ ಕಾಣಲಿಲ್ಲ. ಆ ಪಂದ್ಯದ ಕಾವಿನಲ್ಲೇ ಹಾಂಗ್‌ಕಾಂಗ್ ಪತ್ರಿಕೆಯೊಂದು ಖಡ್ಗವೀರರ ಧಾರಾವಾಹಿ ಶುರುಮಾಡಿತು. ಮುಂದೆ ಸಿನಿಮಾಗಳಿಗೆ ದಾರಿಮಾಡಿದ ಹೊಸ ಕಾಲದ ವೀರಕಾದಂಬರಿಗಳ ಅಲೆ ಎದ್ದದ್ದು ಅಲ್ಲಿಂದಲೇ. ನೋಡಿದ್ದು ಸಾಧಾರಣ ಗುದ್ದಾಟ, ಉಳಿದದ್ದು ಅಸಾಧಾರಣ ಕತೆ.

ಅದಕ್ಕಿಂತ ಕಟುವಾದದ್ದು 2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ನಡೆದದ್ದು. ಮಿಶ್ರ ಸಮರಕಲೆಯ ತರಬೇತುದಾರ ಷು ಶಿಯಾವೊಡಾಂಗ್, ತೈ ಚಿ ಗುರು ವೇ ಲೀ ಎದುರು ನಿಂತ. ಅರ್ಧ ನಿಮಿಷವೂ ಹಿಡಿಯಲಿಲ್ಲ, ಗುರು ನೆಲದ ಮೇಲಿದ್ದ. 2018ರಲ್ಲಿ ವಿಂಗ್ ಚುನ್‌ನ ಡಿಂಗ್ ಹಾವೊ ಮುಂದೆ ಬಂದ. ಅವನೂ ಮತ್ತೆ ಮತ್ತೆ ಬಿದ್ದ, ಎದ್ದ. ಹೀಗೆ ಬೀಳುವುದಕ್ಕೆ ಕಾರಣ ನೋಡಿದವರಿಗೆಲ್ಲ ಅರ್ಥವಾಗುವಂಥದು. ಸರಪಳಿ ಗುದ್ದಿಗೆ ಮೈ ಹತ್ತಿರ ಬರಬೇಕು. ಎದುರಾಳಿ ದೂರದಿಂದಲೇ ಉದ್ದ ಕೈ ಚಾಚಿ ಹೊಡೆದು ಪಕ್ಕಕ್ಕೆ ಸರಿದರೆ, ತೊಡೆಗೆ ಒದ್ದರೆ, ಬಗ್ಗಿ ಕಾಲು ಹಿಡಿದು ಕೆಡವಿದರೆ, ಅಂಟಿಸಿಕೊಳ್ಳಲು ಕೈಯೇ ಸಿಗುವುದಿಲ್ಲ. ದಿನವೂ ತನ್ನದೇ ಶೈಲಿಯ ಗೆಳೆಯನ ಕೈಯನ್ನಷ್ಟೇ ಮುಟ್ಟಿದವನಿಗೆ ಬೇರೆಯವರ ಕೈ ಪರಕೀಯ.

ಷುಗೆ ಬಹುಮಾನವಾಗಿ ಸಿಕ್ಕಿದ್ದು ಊರಿನವರ ಸಿಟ್ಟು. ಅವನ ಜಾಲತಾಣದ ಖಾತೆ ಮುಚ್ಚಿತು. ಒಬ್ಬ ತೈ ಚಿ ಗುರುವನ್ನು ಹೀಯಾಳಿಸಿದ ಮೊಕದ್ದಮೆಯಲ್ಲಿ ಸೋತು ದಂಡ ತೆರಬೇಕಾಯಿತು, ಕೆಲಕಾಲ ವಿಮಾನ ಮತ್ತು ವೇಗದ ರೈಲಿನ ಟಿಕೆಟ್ಟು ಕೊಳ್ಳದಂತೆ ನಿರ್ಬಂಧ ಬಿತ್ತು. ಅವನ ಬಾಯಿ ಒರಟು, ಒಪ್ಪೋಣ. ಆದರೆ ಬೀಳಲು ಒಪ್ಪದ ಎದುರಾಳಿಯ ಮುಂದೆ ಈ ವಿದ್ಯೆ ನಡೆಯುತ್ತದೆಯೇ ಎಂದು ಅವನು ಕೇಳಿದ ಪ್ರಶ್ನೆ ಗೌರವದ್ದು.

ಗರಡಿಗೆ ಹಳೆಯ ಪ್ರಶ್ನೆ

ಆ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಗರಡಿ ಮನೆಯ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಿ ನೋಡಿ. ಆಂಜನೇಯನ ಪಟ, ಅದರ ಮುಂದೆ ಊದುಬತ್ತಿಯ ಬೂದಿ, ಗೋಡೆಗೆ ಒರಗಿಸಿದ ಗದೆ. ನಡುವೆ ಜರಡಿ ಹಿಡಿದ ಕೆಮ್ಮಣ್ಣು. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಸುರಿದು ಹದ ಮಾಡಿದ ಆ ಮಣ್ಣಿಗೆ ಒಂದು ವಾಸನೆ ಇದೆ, ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ದಂಡ, ಬಸ್ಕಿ ಎಲ್ಲ ಒಬ್ಬೊಬ್ಬರೇ ಮಾಡುವ ಸಾಮು. ಅದು ಮುಗಿದ ಮೇಲೆ ಜೋಡಿ. ಉಸ್ತಾದರು ಕುಳಿತಲ್ಲಿಂದಲೇ ಗದರುತ್ತಾರೆ: “ಅವ್ನು ಸುಮ್ನೆ ಬಿದ್ರೆ ನಿಂಗೇನೋ ತಿಳೀತದೆ? ಬೀಳ್ಬ್ಯಾಡ ಕಣೋ, ತಡಿ!”

ಈ ಒಂದು ಗದರಿಕೆಯಲ್ಲಿ ಇಡೀ ವಿಷಯವಿದೆ. ಕುಸ್ತಿಯ ಹುಡುಗ ಢಾಕ್ ಎಂಬ ಪಟ್ಟು ಕಲಿಯುವುದು ಬೀಳಲು ಒಪ್ಪದ ಜೋಡಿಯ ಮೇಲೆ. ಹತ್ತು ಸಲ ಹಾಕಿದರೆ ಒಂಬತ್ತು ಸಲ ತಪ್ಪುತ್ತದೆ, ಹತ್ತನೇ ಸಲಕ್ಕೆ ಎದುರಿನವನ ತೂಕ ಯಾವ ಕಾಲಿನ ಮೇಲಿದೆ ಎಂಬುದು ಸೊಂಟಕ್ಕೆ ತಿಳಿಯುತ್ತದೆ. ವಿಂಗ್ ಚುನ್‌ನವರು ಅಂಟುಗೈಯಲ್ಲಿ ಹುಡುಕುವ ಮುಟ್ಟಿನ ಅರಿವು ಇದೇ. ವ್ಯತ್ಯಾಸ ಒಂದೇ, ಗರಡಿಯಲ್ಲಿ ಅದರ ಪರೀಕ್ಷೆ ಪ್ರತಿದಿನ, ಮೈತುಂಬ ಬಲ ಹಾಕಿ ನಡೆಯುತ್ತದೆ. ಹಾಗೆ ಮಾಡಿಯೂ ಮೂಳೆ ಮುರಿಯದಿರಲಿ ಎಂದೇ ಮಣ್ಣನ್ನು ಅಷ್ಟು ಹದ ಮಾಡುವುದು. ಜಾತ್ರೆಯ ಜಂಗಿ ಕುಸ್ತಿಯಲ್ಲಿ ಊರ ಮುಂದೆ ಚಿತ್ ಆದವನು ಮೈಗಂಟಿದ ಮಣ್ಣು ಕೊಡವಿಕೊಂಡು ಮರುದಿನ ಬೆಳಿಗ್ಗೆ ಮತ್ತೆ ಗರಡಿಗೆ ಬರುತ್ತಾನೆ. ಸೋಲು ಅಲ್ಲಿ ಕಲಿಕೆಯ ಭಾಗ.

ಕರ್ನಾಟಕದಲ್ಲಿ ಈ ವಿದ್ಯೆ ಬರಹಕ್ಕೆ ಇಳಿದು ಒಂಬತ್ತು ಶತಮಾನವಾಗುತ್ತಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದ ಮಲ್ಲವಿನೋದ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡುವ ಕ್ರಮವಿದೆ, ಅವರ ಊಟ, ವ್ಯಾಯಾಮದ ವಿವರವಿದೆ. ಸಮಬಲದವರನ್ನು ಜೋಡಿ ಕಟ್ಟಬೇಕು ಎಂಬ ತಿಳಿವಳಿಕೆ ಅಷ್ಟು ಹಳೆಯದು. ಸುಮಾರು 1520ರಲ್ಲಿ ಹಂಪಿಯ ಮಹಾನವಮಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಮಲ್ಲರ ಗುದ್ದಿಗೆ ಹಲ್ಲು ಉದುರುತ್ತಿದ್ದುದನ್ನು, ಮುಖ ಕೆಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗ ಇವತ್ತಿಗೂ ನಡೆಯುತ್ತದೆ. ತಲೆ ಬೋಳಿಸಿದ ಜಟ್ಟಿಗಳು ಬೆರಳಿಗೆ ಮೊನಚಾದ ಆಯುಧ ತೊಟ್ಟು ಸೆಣಸುತ್ತಾರೆ, ಮೊದಲ ಹನಿ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಬಿರುಸಿನ ವಿದ್ಯೆಗೆ ನಾವು ಹೊರಗೆ ನೋಡಬೇಕಾದ ಅಗತ್ಯ ಎಂದೂ ಇರಲಿಲ್ಲ.

ಅಜ್ಜಂಪುರ, ಬೀರೂರಿನವರಿಗೆ ಇನ್ನೊಂದು ಹೋಲಿಕೆ ಬೇಗ ಹಿಡಿಸೀತು. ಅಮೃತ್ ಮಹಲ್ ಹೋರಿಕರುಗಳ ಹರಾಜಿಗೆ ದೂರದೂರದಿಂದ ರೈತರು ಬರುತ್ತಾರೆ. ಕಾವಲಿನಲ್ಲಿ ಬೆಳೆದ ಕರು, ಹಗ್ಗ ಕಂಡರೆ ಕೆರಳುತ್ತದೆ. ಕೊಂಬು, ನಿಲುವು, ಕಣ್ಣಿನ ಕೆಂಪು ನೋಡಿ, ಮೈಸೂರು ಅರಸರ ಕಾಲದಿಂದ ಬಂದ ತಳಿಯ ಹೆಸರಿಗೆ ಬೆಲೆ ಕಟ್ಟುತ್ತಾರೆ. ಆದರೆ ಕೊಂಡವನು ಮನೆಗೆ ಹೋದ ಮೇಲೆ ತಿಂಗಳುಗಟ್ಟಲೆ ಪಳಗಿಸಬೇಕು, ನೊಗಕ್ಕೆ ಕಟ್ಟಿ ಏರು ಹತ್ತಿಸಿ ನೋಡಬೇಕು. ತಳಿ ಚೆನ್ನಾಗಿದೆ ಎಂಬುದು ಒಂದು ಮಾತು, ಈ ಹೋರಿ ಎಳೆಯುತ್ತದೆಯೇ ಎಂಬುದು ಇನ್ನೊಂದು. ಕುಂಗ್‌ಫೂ ತಳಿಯ ಹೆಸರು. ನಿಮ್ಮ ಮಗ ಕಲಿಯುತ್ತಿರುವುದು ಒಂದು ಹೋರಿ.

ಹಂಚು ಒಡೆಯುವುದು

ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗನೊಬ್ಬ ಹತ್ತು ಹಂಚು ಒಡೆದರೆ ಚಪ್ಪಾಳೆಯೋ ಚಪ್ಪಾಳೆ. ಅದರ ಹಿಂದೆ ಅಭ್ಯಾಸವಿದೆ, ಧೈರ್ಯವಿದೆ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಿ. ಹಂಚು ಒಣಗಿರುತ್ತದೆ, ಎರಡು ತುದಿಗಷ್ಟೇ ಆಸರೆ, ನಡುವೆ ಟೊಳ್ಳು. ಹಂಚಿಗೂ ಹಂಚಿಗೂ ಮಧ್ಯೆ ಸಣ್ಣ ಚಕ್ಕೆ ಇಟ್ಟಿದ್ದರೆ ಒಂದೊಂದೇ ಬಾಗಿ ಮುರಿಯುತ್ತ ಹೋಗುತ್ತದೆ, ಹತ್ತರ ಬಲ ಒಟ್ಟಿಗೆ ಎದುರಾಗುವುದಿಲ್ಲ. ಮಣ್ಣಿನ ಹಂಚು ಒತ್ತಡ ತಾಳುತ್ತದೆ, ಬಾಗುವಿಕೆ ತಾಳುವುದಿಲ್ಲ. ಇದು ಒಳ್ಳೆಯ ಪ್ರದರ್ಶನ. ಬಸ್‌ಸ್ಟ್ಯಾಂಡಿನಲ್ಲಿ ಕುತ್ತಿಗೆಪಟ್ಟಿ ಹಿಡಿದು ಎಳೆಯುವವನ ಮುಂದೆ ಇದರಿಂದ ಏನೂ ತಿಳಿದುಬರುವುದಿಲ್ಲ.

ಅಂಥ ಹೊತ್ತಿನಲ್ಲಿ ಎದೆ ನಗಾರಿಯಾಗುತ್ತದೆ, ಕೈ ನಡುಗುತ್ತದೆ, ದೃಷ್ಟಿ ಕಿರಿದಾಗುತ್ತದೆ. ನಾಜೂಕಿನ ಕೈಚಳಕ ಮೊದಲು ಕೈಕೊಡುತ್ತದೆ. ನೂರಾರು ಸಲ ಬೆವರಿನಲ್ಲಿ, ಒತ್ತಡದಲ್ಲಿ ಮಾಡಿದ ಒಂದೆರಡು ಸರಳ ಚಲನೆಗಳು ಮಾತ್ರ ಉಳಿಯುತ್ತವೆ.

ಓಬವ್ವನ ಕೈಯಲ್ಲಿ ಇದ್ದದ್ದು

ಇವತ್ತು ನಮ್ಮ ಮೈದಾನಗಳಲ್ಲಿ ಹೆಣ್ಣುಮಕ್ಕಳ ಸಾಲು ಉದ್ದವಾಗಿದೆ. ಅದು ಸಂತೋಷದ ಸಂಗತಿ. ಕೇಂದ್ರದ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತದೆ, ಹಾಸ್ಟೆಲ್ ಹುಡುಗಿಯರಿಗಾಗಿ ರಾಜ್ಯವು ಒನಕೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣಾ ಕಲೆಯ ಯೋಜನೆ ತಂದಿದೆ.

ಆ ಹೆಸರನ್ನು ಇಟ್ಟಾಗ ಅವಳ ಕತೆಯನ್ನೂ ಹತ್ತಿರದಿಂದ ನೋಡಬೇಕು. ಅಜ್ಜಂಪುರದಿಂದ ಹೊಸದುರ್ಗ ದಾಟಿ ಹೋದರೆ ಚಿತ್ರದುರ್ಗ. ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ. ಒಬ್ಬ ಮನುಷ್ಯ ನುಸುಳಿ ತಲೆ ಹೊರಗೆ ಹಾಕಬಹುದಾದಷ್ಟೇ ಸಂದಿ. ಜನ ಹೇಳುವ ಕತೆಯಲ್ಲಿ ಅವಳಿಗೆ ಯಾವ ಗುರುವೂ ಇಲ್ಲ. ಅವಳು ನಿಂತ ಜಾಗ ಸರಿಯಾಗಿತ್ತು, ಕಿಂಡಿಯಲ್ಲಿ ನುಸುಳಿ ಬರುವ ಶತ್ರು ಸೈನಿಕರು ಎಷ್ಟಿದ್ದರೂ ಒಂದು ಸಲಕ್ಕೆ ಒಬ್ಬನೇ ಬರಬೇಕಿತ್ತು. ಕೈಯಲ್ಲಿದ್ದ ಒನಕೆ ದಿನವೂ ಭತ್ತ ಕುಟ್ಟಿ ಪಳಗಿದ್ದು, ಆ ಎತ್ತುವುದು ಹಾಕುವುದು ಅವಳ ರಟ್ಟೆಗೆ ಉಸಿರಾಟದಷ್ಟು ಸಹಜ. ಹೊಡೆಯಲೇ ಬೇಡವೇ 
ಎಂದು ಅವಳು ಅನುಮಾನಿಸಲಿಲ್ಲ.

ವಿಜ್ಞಾನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿದೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ಮೊದಲ ವರ್ಷದ ವಿದ್ಯಾರ್ಥಿನಿಯರ ಮೇಲೆ ಚಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಹನ್ನೆರಡು ಗಂಟೆಗಳ ತರಬೇತಿ, ಉಳಿದವರಿಗೆ ಬರೀ ಕರಪತ್ರ. ಒಂದು ವರ್ಷದ ನಂತರ ನೋಡಿದಾಗ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಕರಪತ್ರದವರಲ್ಲಿ ಶೇ 9.8, ತರಬೇತಿ ಪಡೆದವರಲ್ಲಿ ಶೇ 5.2. ಆ ಹನ್ನೆರಡು ಗಂಟೆಯಲ್ಲಿ ಹೊಡೆತ ಒಂದು ಭಾಗ ಮಾತ್ರ. ಪರಿಚಯದವನೇ ಅಪಾಯಕಾರಿ ಆಗಬಹುದೆಂದು ಗುರುತಿಸುವುದು, ಏನಂದುಕೊಂಡಾರೋ ಎಂಬ ದಾಕ್ಷಿಣ್ಯ ಬಿಟ್ಟು ಗಟ್ಟಿಯಾಗಿ ಬೇಡ ಎನ್ನುವುದು, ಕೂಗುವುದು, ಜಾಗ ಬಿಡುವುದು, ಆಮೇಲೆ ಬೇಕಾದರೆ ಹೊಡೆಯುವುದು. ನಮ್ಮ ಹೆಣ್ಣುಮಕ್ಕಳಿಗೆ ಬಾಲ್ಯದಿಂದ ಕಲಿಸಿದ್ದು ಇದರ ತಿರುವುಮುರುವು. ಮಾವ, ಅಣ್ಣ, ಪಕ್ಕದ ಮನೆಯವರು ಎಂದು ಸುಮ್ಮನಿರುವುದನ್ನು. ಮೈದಾನದ ತರಗತಿಯಲ್ಲಿ ಗುದ್ದಿನ ಎಣಿಕೆಯ ಜೊತೆಗೆ ಈ ಪಾಠವೂ ಬರಲೇಬೇಕು.

ಕಾನೂನನ್ನೂ ಮಾಸ್ಟರು ಹೇಳಬೇಕು. ತನ್ನ ಮತ್ತು ಇತರರ ದೇಹ ಕಾಪಾಡಿಕೊಳ್ಳುವ ಹಕ್ಕನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಕೊಡುತ್ತವೆ. ಅದಕ್ಕೆ ಮಿತಿಯೂ ಇದೆ, ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬಿದ್ದವನ ಮೇಲೆ ಸರಪಳಿ ಗುದ್ದು ಮುಂದುವರಿಸಿದರೆ ರಕ್ಷಿಸಿಕೊಂಡವನೇ ಆರೋಪಿಯಾಗುತ್ತಾನೆ.

ಫೀಸು ಕಟ್ಟುವ ಮೊದಲು

ಚೀನಾದ ವಿದ್ಯೆಯನ್ನೇ ಕಲಿಯಬೇಕೆಂಬ ಹುಡುಗ ಹುಡುಗಿಗೆ ಒಂದು ಒಳ್ಳೆಯ ದಾರಿ ಇದೆ. ವುಶು ಕ್ರೀಡೆಯ ಸಾಂಡಾ ವಿಭಾಗ. ಗುದ್ದು, ಒದೆ, ಜೊತೆಗೆ ಎತ್ತಿ ಕೆಡವುವುದು ಮೂರೂ ಇರುವ ಪೂರ್ಣ ಸಂಪರ್ಕದ ಪಂದ್ಯ. ತೂಕದ ವರ್ಗವಿದೆ, ರಕ್ಷಣೆಯ ಕವಚವಿದೆ, ಎಂಟು ಮೀಟರ್ ಚೌಕದ ಎತ್ತರದ ಕಟ್ಟೆಯಿಂದ ಎದುರಾಳಿಯನ್ನು ಕೆಳಗೆ ತಳ್ಳಿದರೂ ಅಂಕ. ಕೆಡವುವುದು ಗೊತ್ತಿರುವ ಗರಡಿ ಹುಡುಗನಿಗೆ ಇದು ಅರ್ಧ ಪರಿಚಿತ ಆಟ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದ ರೋಶಿಬಿನಾ ದೇವಿ 60 ಕಿಲೊ ಸಾಂಡಾದಲ್ಲಿ ಬೆಳ್ಳಿ ಗೆದ್ದಳು, ಚೀನಾದ ನೆಲದಲ್ಲಿ, ಚೀನಾದವಳ ಎದುರು ಫೈನಲ್ ಆಡಿ.

ಊರಿನ ತರಗತಿಯೇ ಸಾಕು ಎನ್ನುವವರೂ ತಪ್ಪು ಮಾಡುತ್ತಿಲ್ಲ. ಮೊಬೈಲು ಬಿಟ್ಟು ಒಂದು ಗಂಟೆ ಮೈ ಬಗ್ಗಿಸುವುದು, ಏಟಿಗೆ ಅಂಜದಿರುವುದು, ಹಿರಿಯರ ಮಾತಿಗೆ ನಿಲ್ಲುವುದು, ಇವೆಲ್ಲ ಕೈಗೆ ಸಿಗುವ ಲಾಭಗಳೇ. ಆತ್ಮರಕ್ಷಣೆಗೆಂದೇ ಸೇರಿಸುವುದಾದರೆ ಮಾತ್ರ ಒಂದು ಸಂಜೆ ಕಾಂಪೌಂಡಿನ ಒಳಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಬೋರ್ಡಿನ ಮೇಲಿರುವ ಪದಕಗಳನ್ನು ಆಮೇಲೆ ಎಣಿಸಬಹುದು. ಮಕ್ಕಳನ್ನು ಇಬ್ಬಿಬ್ಬರಾಗಿ ಬಿಡುತ್ತಾರೆಯೇ, ವಾರಕ್ಕೆ ಎಷ್ಟು ದಿನ? ಕೈಗವಸು, ಹಲ್ಲಿನ ರಕ್ಷಣೆ ಇದೆಯೇ? ಸೋತ ಮಗುವಿನ ಹತ್ತಿರ ಮಾಸ್ಟರು ಹೋಗಿ ಏನು ಹೇಳುತ್ತಾರೆ? ನಡುವೆ ಒಬ್ಬಳು ಇನ್ನೊಬ್ಬಳ ಮಣಿಕಟ್ಟು ಹಿಡಿಯುವ ಪಾಠ ಬಂದಾಗ ಬೆರಳುಗಳನ್ನೇ ನೋಡಿ. ಬಿಡಿಸಿಕೊಳ್ಳುವವಳು ಕೈ ತಿರುಗಿಸುವ ಮೊದಲೇ ಹಿಡಿದವಳ ಬೆರಳು ಸಡಿಲವಾದರೆ ನಾಳೆ ಇನ್ನೊಂದು ತರಗತಿ ನೋಡಿ. ಅವಳು ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು, ಎದುರಿನವಳು ಎರಡು ಸಲ ಸೋತು ಮೂರನೇ ಸಲ ಹೆಬ್ಬೆರಳಿನ ಸಂದಿ ಹುಡುಕಿ ಕಿತ್ತುಕೊಂಡರೆ, ಅಲ್ಲಿ ಫೀಸು ಕಟ್ಟಿ.